ನಮ್ಮ ದರೋಡೆಕೋರ ಭಾವನ ಸರ್ಟಿಫೈಡ್ ಕಾಪಿ

ನೀವು ನಂಬುವುದಿಲ್ಲ. ನಂಬದಿದ್ದರೆ ನನಗೇನೂ ಬೇಸರವಿಲ್ಲ. ಅರವತ್ತಾರು ವರ್ಷಗಳಿಂದ ನನ್ನ ಮಾತು ನಂಬಿ ಕೆಟ್ಟವರು ಮೈಸೂರಿನ ತುಂಬ ಇದ್ದಾರೆ, ನಂಬದೆ ಕೆಟ್ಟವರು ಒಬ್ಬರೂ ಇಲ್ಲ. ಆದರೂ ಹೇಳುತ್ತೇನೆ, ಧೈರ್ಯವಿದ್ದರೆ ನಂಬದೆ ಇರಿ ನೋಡೋಣ: ವಿದ್ಯಾರಣ್ಯಪುರಂನ ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಬೆಳಿಗ್ಗೆ ತುಳಸಿಗೆ ನೀರು ಹಾಕಲು ಹೋದಾಗ ಇರುವೆ ಸಾಲು ಕಂಡರೆ ಅದು ದಾಟುವ ತನಕ ಚೊಂಬು ಹಿಡಿದು ನಿಲ್ಲುವ ಮನುಷ್ಯ, ಒಂದು ದರೋಡೆ ಕೇಸಿನ ಐದನೇ ಆರೋಪಿ!

ನಗಬೇಡಿ. ಪಕ್ಕದ ಮನೆಯ ದಾಸವಾಳ ಕಿತ್ತ ಕೇಸಲ್ಲ ಇದು. ಪೊಲೀಸರು, ಕಟಕಟೆ, ಸಾಕ್ಷಿಗಳು, ಕರಿ ಕೋಟುಗಳು ಎಲ್ಲ ಇದ್ದು, ಸೆಷನ್ಸ್ ಕೋರ್ಟಿನಲ್ಲಿ ಒಂದೂವರೆ ವರ್ಷ ನಡೆದ ಕೇಸು. ಕೊನೆಗೆ ಖುಲಾಸೆಯಾಯಿತು. ಆದರೆ ಅದು ಆದದ್ದು ಹೇಗೆ ಗೊತ್ತೇ? ನ್ಯಾಯಾಧೀಶರು ಇಂಗ್ಲಿಷಿನಲ್ಲಿ ಏನೋ ಓದಿದರು. ವಕೀಲರು ಭಾವನ ಬೆನ್ನು ತಟ್ಟಿ, "ಹೋಗಪ್ಪ, ಮನೆಗೆ ಹೋಗಿ ಊಟ ಮಾಡು" ಎಂದರು. ಅಷ್ಟೇ. ಕೈಗೆ ಒಂದು ಚೂರು ಕಾಗದ ಬರಲಿಲ್ಲ. ಇವರು ಕೇಳಲೂ ಇಲ್ಲ. ಕೋರ್ಟಿನ ಮೆಟ್ಟಿಲು ಇಳಿದರೆ ಸಾಕಾಗಿತ್ತು.

ಆ ದಿನದಿಂದ ಭಾವನಿಗೆ ಕಾಗದದ ಹುಚ್ಚು ಹಿಡಿಯಿತು. ನಲವತ್ತೇಳು ವರ್ಷವಾಯಿತು, ಇಳಿದಿಲ್ಲ. ಏನೇ ಆಗಲಿ, ಬರಹದಲ್ಲಿ ಬೇಕು, ಕೆಳಗೆ ಸಹಿ ಬೇಕು. ಡಾಕ್ಟರು ರಕ್ತ ಪರೀಕ್ಷೆ ನೋಡಿ "ಏನೂ ತೊಂದರೆ ಇಲ್ಲ ಮೇಷ್ಟ್ರೇ" ಎಂದರೆ, "ಅದನ್ನೇ ಬರೆದು ಸೀಲ್ ಹಾಕಿಬಿಡಿ" ಎನ್ನುತ್ತಾರೆ. ಕ್ಷೌರದ ಅಂಗಡಿಯಲ್ಲೂ ಬಿಡುವುದಿಲ್ಲ. ಕಟಿಂಗ್ ಮುಗಿಯಿತು, ತಲೆಯನ್ನು ಸುಸ್ಥಿತಿಯಲ್ಲಿ ಹಿಂತಿರುಗಿಸಲಾಗಿದೆ ಎಂದು ಒಮ್ಮೆ ಬರೆಸಿಕೊಂಡೇ ಎದ್ದರಂತೆ. ಅಂಗಡಿಯವನು ಪಾಪ, ಪೆನ್ನು ಹಿಡಿದು ಕೇಳಿದ: "ಮೇಷ್ಟ್ರೇ, ನಾನು ಕೈ ಹಾಕೋಕ್ ಮುಂಚೆನೇ ಕೂದಲು ಇಷ್ಟೇ ಇತ್ತು ಅಂತಾನೂ ಬರೀಲಾ?"

ನಾನು ಒಮ್ಮೆ ಅವರ ಮನೆಯ ಏಣಿ ಕೇಳಲು ಹೋದೆ. ಬರೆದುಕೊಡು ಎಂದರು. ಬರೆದೆ: "ಏಣಿಯನ್ನು ಪಡೆದಿದ್ದೇನೆ. ಹತ್ತುವುದು ನನ್ನ ಜವಾಬ್ದಾರಿ. ಇಳಿಯುವುದು ದೇವರ ಇಚ್ಛೆ." ಭಾವ ಅದನ್ನು ಎರಡು ಸಲ ಓದಿ, ಮುಖದ ಒಂದು ಗೆರೆಯೂ ಅಲುಗದ ಹಾಗೆ ಪಕ್ಕದಲ್ಲಿ 'ನೋಡಿದೆ' ಎಂದು ರುಜು ಹಾಕಿ ಫೈಲಿಗೆ ಸೇರಿಸಿಬಿಟ್ಟರು! ಇಂಥವರ ಮೇಲೆ ನನ್ನ ಕುಚೇಷ್ಟೆ ಎಲ್ಲಿ ನಡೆಯಬೇಕು? ಆದರೂ ನಾನು ಬಿಟ್ಟವನಲ್ಲ. ಈ ವಂಶದಲ್ಲಿ ನಾನು ಏಮಾರಿಸದ ಪ್ರಾಣಿಯಿಲ್ಲ, ನನ್ನನ್ನು ಏಮಾರಿಸಿದ ಪ್ರಾಣಿ ಇನ್ನೂ ಹುಟ್ಟಿಲ್ಲ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಈ ಹುಚ್ಚಿಗೆ ದಿನಾ ಎಣ್ಣೆ ಹೊಯ್ಯುತ್ತಿದ್ದವಳು ನಮ್ಮಕ್ಕ. "ರೀ ದರೋಡೆಕೋರರೇ, ಕಾಫಿ ಆರ್ತಾ ಇದೆ!" ಇದು ಅವಳ ಸುಪ್ರಭಾತ. ಮನೆಯಲ್ಲಿ ಯಾವ ವಾದವಾದರೂ ಕೊನೆಯ ಅಸ್ತ್ರ ಇದೇ. ಬೀನ್ಸ್ ಬಲಿತಿದೆ ಎಂದು ಭಾವ ಗೊಣಗಿದರೆ, "ಸೆಷನ್ಸ್ ಕೋರ್ಟ್ ಮೆಟ್ಟಿಲು ಹತ್ತಿ ಬಂದೋರಿಗೆ ಬೀನ್ಸ್ ಬಲೀತಾ?" ಎನ್ನುವಳು. ಭಾವ ಮೊದಮೊದಲು "ಖುಲಾಸೆ ಆಗಿದೆ ಕಣೇ" ಎನ್ನುತ್ತಿದ್ದರು. ಅಕ್ಕ ಅಂಗೈ ಚಾಚುವಳು: "ಎಲ್ಲಿ, ಕಾಗದ ತೋರ್ಸಿ." ಭಾವ ತೆಪ್ಪಗೆ ಬೀನ್ಸ್ ನುಂಗುವರು.

ಹೀಗಿರುವಾಗ ಈ ವರ್ಷ ಭಾವನಿಗೆ ಎಪ್ಪತ್ತು ಬಂತು. ಭೀಮರಥ ಶಾಂತಿ ಮಾಡಿಸಬೇಕು ಎಂದು ಮಕ್ಕಳು ಹೊರಟರು. ನಿಮಗೆ ಗೊತ್ತಲ್ಲ, ಆ ಶಾಸ್ತ್ರದಲ್ಲಿ ಮುದುಕ ಗಂಡ ಮುದುಕಿ ಹೆಂಡತಿಗೆ ಇನ್ನೊಮ್ಮೆ ತಾಳಿ ಕಟ್ಟಬೇಕು. ಛತ್ರ ಗೊತ್ತಾಯಿತು, ಪುರೋಹಿತರು ಗೊತ್ತಾದರು, ಅಡುಗೆಯವರಿಗೆ ವೀಳ್ಯ ಕೊಟ್ಟಾಯಿತು. ಎಲ್ಲ ಮುಗಿದ ಮೇಲೆ ಭಾವ ಕನ್ನಡಕ ಒರೆಸುತ್ತ ಮೆಲ್ಲಗೆ ಹೇಳಿದರು: "ಮೊದಲನೇ ಸಲ ತಾಳಿ ಕಟ್ಟಿದಾಗ ನನ್ ಕೈಲಿ ಕಾಗದ ಇರ್ಲಿಲ್ಲ. ಇವಳು ನಲವತ್ತೇಳು ವರ್ಷ ದರೋಡೆಕೋರನ ಹೆಂಡ್ತಿಯಾಗೇ ಇದ್ದುಬುಟ್ಟಳು. ಎರಡನೇ ಸಲ ಹಂಗಾಗೋದು ಬೇಡ. ತೀರ್ಪಿನ ಸರ್ಟಿಫೈಡ್ ಕಾಪಿ ಬರ್ಲಿ. ಬರ್ಲಿಲ್ಲ ಅಂದ್ರೆ ನಾನು ಹಸೆಮಣೆ ಮೇಲೆ ಕೂರಲ್ಲ."

"ತಮಾಷೆ ಮಾಡ್ಬೇಡಿ ಭಾವ" ಎಂದೆ.

"ತಮಾಷೆ ನಿನ್ನ ಡಿಪಾರ್ಟ್‌ಮೆಂಟು ಕಣಯ್ಯ" ಎಂದರು.

ಅಕ್ಕ ಅಡುಗೆಮನೆಯಿಂದ ಇಣುಕಿ, "ಹಾಗಾದ್ರೆ ಪುರೋಹಿತ್ರಿಗೆ ಬೇಡ ಅಂತ ಫೋನ್ ಮಾಡ್ಬುಡು ಕಣೋ" ಎಂದು ನಕ್ಕು ಒಳಗೆ ಹೋದಳು. ನಗು ಏನೋ ನಕ್ಕಳು. ಆದರೆ ಹೊಸ ರೇಷ್ಮೆ ಸೀರೆಯ ಅಂಚಿಗೆ ಫಾಲ್ಸ್ ಹಚ್ಚುತ್ತಿದ್ದವಳು ಅವತ್ತು ಸಂಜೆ ಅದನ್ನು ಮಡಿಸಿ ಬೀರುವಿಗಿಟ್ಟಳು. ಶಾಂತಿಗೆ ಇದ್ದದ್ದು ಇಪ್ಪತ್ತೆರಡು ದಿನ.

ಇಲ್ಲಿ ಕೇಸು ಏನು ಎಂದು ಹೇಳಲೇಬೇಕು. ಇಲ್ಲದಿದ್ದರೆ ನೀವು ಭಾವನನ್ನು ಕುದುರೆ ಮೇಲೆ ಕೂರಿಸಿ, ಮೀಸೆ ಅಂಟಿಸಿ, ಕಣಿವೆಯಲ್ಲಿ ಓಡಿಸಿಬಿಡುತ್ತೀರಿ.

ಆಗ ನಮ್ಮ ಬೀದಿಯಲ್ಲಿ ಒಬ್ಬ ಕಂಟ್ರಾಕ್ಟರ್ ಇದ್ದರು. ಭಾರಿ ಆಸಾಮಿ, ತೂಕದಲ್ಲೂ ಪ್ರಭಾವದಲ್ಲೂ. ಮಾಗಿ ಬಿಸಿಲಿಗೆ ಮೈಯೊಡ್ಡಿ ಮನೆ ಮುಂದಿನ ಹೊಂಗೆ ಮರದ ಪಕ್ಕ ಮಂಚ ಹಾಕಿಸಿ, ಮಧ್ಯಾಹ್ನದ ಊಟವಾದ ಮೇಲೆ ಮಲಗುವರು. ಅವರ ಗೊರಕೆಗೆ ನಮ್ಮ ಓದು ಕೆಡುತ್ತದೆ ಎಂದು ಬೀದಿಯ ಹುಡುಗರ ದೂರು. ಓದು ಎಲ್ಲಿತ್ತು ಎಂದು ಕೇಳಬೇಡಿ. ಒಂದು ದಿನ ನಾಲ್ವರು ಹುಡುಗರು ಮಂಚದ ನಾಲ್ಕು ಕಾಲಿಗೆ ಕೈ ಹಾಕಿ, ಕಂಟ್ರಾಕ್ಟರನ್ನು ಮಂಚದ ಸಮೇತ ಎತ್ತಿಕೊಂಡು ಹೋಗಿ ಬಸ್ ಸ್ಟಾಪಿನಲ್ಲಿ ಇಳಿಸಿದರು! ಇಡೀ ದಾರಿ ಅವರು ಏಳಲಿಲ್ಲ. ಏಳದಿರಲು ಕಾರಣ, ಐದನೆಯವನೊಬ್ಬ ಅವರ ಮುಖಕ್ಕೆ ಬಿಸಿಲು ಬೀಳದ ಹಾಗೆ ಪಕ್ಕದಲ್ಲೇ ಕೊಡೆ ಹಿಡಿದು ನಡೆದನಂತೆ. ರಾಜರ ಮೆರವಣಿಗೆಯ ಹಾಗಿತ್ತಂತೆ. ಎಡಗಾಲಿನ ಕಡೆ ಹಿಡಿದವನಿಗೆ ನಗು ಬಂದು ಮಂಚ ವಾಲಿದಾಗ ಐದನೆಯವನು ಕೊಡೆಯನ್ನೂ ಅಷ್ಟೇ ವಾಲಿಸಿದನಂತೆ. ಇದೆಲ್ಲ ನಾನು ಕೇಳಿದ್ದು. ಆ ನಾಲ್ವರೂ ನನ್ನ ಜೊತೆಗಾರರೇ, ಒಪ್ಪುತ್ತೇನೆ. ಆದರೆ ಆ ದಿನ ನಾನು ಊರಲ್ಲಿರಲಿಲ್ಲ. ಇಲವಾಲದ ನಮ್ಮ ಸೋದರತ್ತೆಯ ಮನೆಗೆ ಊಟಕ್ಕೆ ಹೋಗಿದ್ದೆ. ಅವರೆಕಾಳು ಸಾರು, ರಾಗಿಮುದ್ದೆ. ಎರಡು ಮುದ್ದೆ ಉಂಡಿದ್ದೆ.

ಭಾವ ಇದರಲ್ಲಿ ಹೇಗೆ ಸಿಕ್ಕಿಕೊಂಡರು? ಅದರ ಹಿಂದಿನ ವಾರ ನಮ್ಮ ಮನೆಗೆ ಅಕ್ಕನನ್ನು ನೋಡಲು ಬಂದಿದ್ದರು. ಉಪ್ಪಿಟ್ಟಿನ ತಟ್ಟೆ ಹಿಡಿದು ತಂದವನು ನಾನೇ, ಅವರ ಉಪ್ಪಿಟ್ಟಿನೊಳಗೆ ಇಡೀ ಹಸಿಮೆಣಸಿನಕಾಯಿ ಹೂತಿಟ್ಟವನೂ ನಾನೇ. ಕಣ್ಣಲ್ಲಿ ನೀರು ಸುರಿಸುತ್ತ ಪೂರ್ತಿ ತಿಂದರು ಪುಣ್ಯಾತ್ಮ. ಹೆಣ್ಣು ಒಪ್ಪಿಗೆಯಾಯಿತು ಎಂದು ತಾವೇ ಹೇಳಲು ಅವತ್ತು ಸೈಕಲ್ಲಿನಲ್ಲಿ ಬರುತ್ತಿದ್ದರು. ಬಸ್ ಸ್ಟಾಪಿನ ಹತ್ತಿರ ಗಾಳಿ ಇಳಿಯಿತು. ಪಂಪು ಹಿಡಿದು ಗಾಳಿ ಹೊಡೆಯುತ್ತಿದ್ದಾಗ ಮಂಚ ಬಂತು, ಇಳಿಯಿತು, ಹೊತ್ತವರು ಓಡಿದರು. ಬಸ್ಸಿನ ಕಂಡಕ್ಟರು ಸೀಟಿ ಊದಿದ. ಕಂಟ್ರಾಕ್ಟರು ಕಣ್ಣು ಬಿಟ್ಟರು. ಎದುರಿಗೆ ಪಂಪು ಹಿಡಿದ ಭಾವ! ಬೇರೆ ಯಾರೇ ಆಗಿದ್ದರೂ ಓಡುತ್ತಿದ್ದರು. ನಮ್ಮ ಭಾವ ಹತ್ತಿರ ಹೋಗಿ ವಿನಯದಿಂದ ಕೇಳಿದರಂತೆ: "ಬಸ್ಸಿಗೆ ಕಾಯ್ತಾ ಇದ್ದೀರಾ ಸಾರ್?"

ಅಲ್ಲಿಗೆ ಮುಗಿಯಿತು. ಕಂಟ್ರಾಕ್ಟರಿಗೆ ಅವಮಾನ ನೆತ್ತಿಗೇರಿತು. ಕೈಗಡಿಯಾರ ಬೇರೆ ಕಾಣಲಿಲ್ಲ. ದೂರು ಕೊಟ್ಟರು. ಎದುರು ಮನೆ ತಾರಸಿಯಲ್ಲಿ ಸಂಡಿಗೆ ಒಣಗಿಸುತ್ತಿದ್ದ ಅಜ್ಜಿಯೊಬ್ಬರು, ನಾಲ್ವರು ಹೊತ್ತಿದ್ದರು, ಒಬ್ಬ ಕೊಡೆ ಹಿಡಿದಿದ್ದ, ಮುಖ ಕಾಣಲಿಲ್ಲ, ಮೇಲಿಂದ ಬರೀ ಕೊಡೆಯೇ ಕಂಡಿತು ಎಂದರು. ಕಾನೂನಿನಲ್ಲಿ ಒಂದು ಲೆಕ್ಕ ಇದೆ: ನಾಲ್ವರು ಸೇರಿ ಕಿತ್ತುಕೊಂಡರೆ ಸುಲಿಗೆ, ಐವರು ಸೇರಿದರೆ ದರೋಡೆ. ಪೊಲೀಸರಿಗೆ ನಾಲ್ವರು ಸಿಕ್ಕಿದ್ದರು. ಐದನೆಯವನು ಬೇಕಿತ್ತು. ಮಡಿಸಿದ ಕೊಡೆಗೂ ಸೈಕಲ್ ಪಂಪಿಗೂ ದೂರದಿಂದ ಏನು ವ್ಯತ್ಯಾಸ? ಭಾವ ಐದನೇ ಆರೋಪಿಯಾದರು. ಮದುವೆ ಮಾತು ಒಂದೂವರೆ ವರ್ಷ ನಿಂತಿತು. ಅಕ್ಕ ಬೇರೆ ಯಾವ ಗಂಡು ಬಂದರೂ ತಲೆನೋವು ಎಂದು ಮಲಗಿಬಿಡುತ್ತಿದ್ದಳು. ನಮ್ಮಪ್ಪ ಬಿಗಿ ಮನುಷ್ಯ, ಅಚ್ಚುಕಟ್ಟು ಎಂದರೆ ಅಚ್ಚುಕಟ್ಟು. ಜೀವಮಾನದಲ್ಲಿ ಅವರು ಕಳೆದುಕೊಂಡ ವಸ್ತು ಒಂದೇ, ಒಂದು ಕೊಡೆ, ಅದೂ ಬಸ್ಸಿನಲ್ಲಿ ಮರೆತು. ಅಂಥವರು ಕೇಸಿರುವ ಮನೆಗೆ ಹೆಣ್ಣು ಕೊಡುತ್ತಾರೆಯೇ? ಆದರೂ ತೀರ್ಪಾದ ತಿಂಗಳಲ್ಲಿ ಏಕೋ ಒಪ್ಪಿದರು. ಯಾಕೆ ಒಪ್ಪಿದರು ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮದುವೆ ಊಟ ಚೆನ್ನಾಗಿತ್ತು.

ಸರಿ, ಈಗ ಕಾಪಿ ತೆಗೆಸಬೇಕು. ಕೋರ್ಟಿನ ಕೆಲಸ ನನ್ನಂಥ ಚುರುಕು ಮನುಷ್ಯನಿಗೆ ಎಷ್ಟರದು? ಮೊಬೈಲ್ ತೆಗೆದೆ. ಈಗ ಕೋರ್ಟಿನ ಕೇಸುಗಳನ್ನೆಲ್ಲ ಕೂತಲ್ಲೇ ಹುಡುಕಬಹುದು. ಜಿಲ್ಲೆ ಆರಿಸಬೇಕು, ಕಕ್ಷಿದಾರರ ಹೆಸರು ಬರೆಯಬೇಕು, ವರ್ಷ ಬರೆಯಬೇಕು, ಕೇಸು ಬಾಕಿ ಇದೆಯೋ ವಿಲೇವಾರಿ ಆಗಿದೆಯೋ ಒತ್ತಬೇಕು. ಕೊನೆಗೆ ಸೊಟ್ಟಸೊಟ್ಟ ಅಕ್ಷರ ತೋರಿಸಿ, ಇದನ್ನು ನೋಡಿ ಬರೆಯಿರಿ ಎನ್ನುತ್ತದೆ. ಭಾವ ಆ ಅಕ್ಷರ ನೋಡಿ ಉರಿದುಬಿದ್ದರು. "ಯಾವನಯ್ಯ ಇದನ್ನ ಬರೆದೋನು? ಮೂವತ್ತೈದು ವರ್ಷ ಮಕ್ಕಳಿಗೆ ಅಕ್ಷರ ನೆಟ್ಟಗೆ ಬರೆಯೋದು ಕಲಿಸಿದ್ದೀನಿ. ಇದಕ್ಕೆ ನಾನು ಹತ್ತಕ್ಕೆ ಎರಡೂ ಕೊಡಲ್ಲ!" ಅವರು ಮಾರ್ಕ್ಸ್ ಹಾಕುವಷ್ಟರಲ್ಲಿ ಅಕ್ಷರದ ಅವಧಿ ಮುಗಿದು ಹೊಸದು ಬಂತು. ಅದಕ್ಕೂ ಎರಡು ಕೊಡಲಿಲ್ಲ.

ಹೆಸರು ಹಾಕಿದರೆ ಭಾವನ ಹೆಸರಿನವರೇ ರಾಶಿ ಬಂದರು. ಒಬ್ಬನದು ಚೆಕ್ ಬೌನ್ಸು, ಒಬ್ಬನದು ಮೇಕೆ ಕಳವು, ಒಬ್ಬನದು ಅತ್ತೆಗೆ ಬೈದದ್ದು. ಭಾವ ಒಂದೊಂದನ್ನೂ ಓದಿ ನಿಟ್ಟುಸಿರಿಟ್ಟರು: "ನೋಡಯ್ಯ, ನನ್ನ ಹೆಸರಿಟ್ಕೊಂಡೋರು ಯಾರೂ ಸುಖವಾಗಿಲ್ಲ." ಅವರ ಕೇಸು ಮಾತ್ರ ಇರಲಿಲ್ಲ. ಅಷ್ಟು ಹಳೆಯದು ಕಂಪ್ಯೂಟರಿಗೆ ಏರಿರಲಿಲ್ಲ. ಅದು ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ಬಟ್ಟೆ ಗಂಟಿನೊಳಗೆ ಇರಬೇಕು. ಗಂಟು ಬಿಚ್ಚಬೇಕಾದರೆ ಕೇಸಿನ ನಂಬರು ಬೇಕು. ನಂಬರಿಲ್ಲದಿದ್ದರೆ ಕೋರ್ಟಿನಲ್ಲಿ ದೇವರನ್ನೂ ಹುಡುಕಲಾಗುವುದಿಲ್ಲ.

ನಂಬರು ಯಾರ ಹತ್ತಿರ ಇದ್ದೀತು? ಭಾವನ ವಕೀಲರು ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಮಗಳೂ ವಕೀಲೆ. ಆಕೆಯ ಮನೆಗೆ ಹೋದೆವು. ಅಟ್ಟದ ಮೇಲೆ ಅಪ್ಪನ ಡೈರಿಗಳೆಲ್ಲ ಇವೆ ಎಂದರು. ಏಣಿ ಬೇಕಾಯಿತು. ಭಾವ ಮನೆಗೆ ಓಡಿ ತಮ್ಮ ಏಣಿ ತಂದರು. ತಂದು, ಆ ವಕೀಲೆಯ ಮುಂದೆ ಒಂದು ಕಾಗದ ಹಿಡಿದರು: "ಏಣಿ ಒಳಗೆ ಬಂದಿದೆ ಅಂತ ಒಂದು ಸಹಿ." ವಕೀಲೆ ಓದದೆ ಸಹಿ ಹಾಕುವವರಲ್ಲ, ಷರತ್ತುಗಳಿಗೆ ಒಳಪಟ್ಟು ಎಂದು ಸೇರಿಸಿ ಹಾಕಿದರು. ಭಾವನ ಕಣ್ಣಲ್ಲಿ ಗೌರವ ತುಂಬಿ ಬಂತು. ಜೀವನದಲ್ಲಿ ಮೊದಲ ಸಲ ಸರಿಜೋಡಿ ಸಿಕ್ಕಿತ್ತು.

ಮೂರನೇ ಡೈರಿಯಲ್ಲಿ ಸಿಕ್ಕಿತು. ಸೆಷನ್ಸ್ ಕೇಸಿನ ನಂಬರು, ವರ್ಷ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ವಕೀಲರ ಷರಾ: "ಐದನೇ ಆರೋಪಿ ಮೊಂಡ. ಎಷ್ಟು ಕೇಳಿದರೂ ಬಾಯಿ ಬಿಡುವುದಿಲ್ಲ." ನಾನು "ಏನು ಬಾಯಿ ಬಿಡ್ಲಿಲ್ಲ ಭಾವ?" ಎಂದೆ. ಭಾವ ಡೈರಿ ಮುಚ್ಚಿ, "ಹಲ್ಲುನೋವಿತ್ತು ಕಣಯ್ಯ" ಎಂದರು.

ಕಾಪಿ ಕೊಡುವ ವಿಭಾಗದಲ್ಲಿ ಕೂತಿದ್ದ ಹೆಣ್ಣುಮಗಳು ಬಹಳ ಚೆನ್ನಾಗಿ ಮಾತಾಡಿಸಿದಳು. "ಯಜಮಾನ್ರೇ, ನೀವು ಈ ಕೇಸಿಗೆ ಪಾರ್ಟಿನಾ, ಥರ್ಡ್ ಪಾರ್ಟಿನಾ?"

ಭಾವ ಎದೆ ಸೆಟೆಸಿ, ಇಡೀ ಹಜಾರಕ್ಕೆ ಕೇಳುವ ಹಾಗೆ, "ಪಾರ್ಟಿ ಕಣಮ್ಮ! ಆರೋಪಿ ನಂಬರ್ ಐದು! ದರೋಡೆ!" ಎಂದರು.

ನಮ್ಮ ಹಿಂದಿನ ಸಾಲು ಎರಡು ಹೆಜ್ಜೆ ಹಿಂದೆ ಸರಿಯಿತು. ಬೆಂಚಿನ ಮೇಲಿದ್ದ ಒಬ್ಬ ದಪ್ಪ ಮನುಷ್ಯ ಎದ್ದು, "ಕೂತ್ಕಳಿ ಸಾರ್" ಎಂದು ಜಾಗ ಬಿಟ್ಟ. ಮೂವತ್ತೈದು ವರ್ಷ ಮೇಷ್ಟ್ರಾಗಿದ್ದರೂ ಬಸ್ಸಿನಲ್ಲಿ ಯಾರೂ ಹೀಗೆ ಸೀಟು ಬಿಟ್ಟದ್ದಿಲ್ಲ!

ಆಕೆ ನಿಧಾನವಾಗಿ ತಿಳಿಸಿದಳು. ಕೇಸಿನಲ್ಲಿ ಇದ್ದವರೇ ಆದರೆ ಸುಲಭ, ಅರ್ಜಿಯಲ್ಲಿ ಕೇಸಿನ ನಂಬರು, ಯಾವ ಕೋರ್ಟು, ಯಾವ ಕಾಗದದ ನಕಲು ಬೇಕು ಎಂದು ಬರೆದು ಸ್ಟಾಂಪು ಹಚ್ಚಿ, ಗುರುತಿನ ಚೀಟಿ ಜೊತೆಗಿಟ್ಟು ಕೊಟ್ಟರೆ ಸಾಕು. ಹೊರಗಿನವರಾದರೆ ಯಾಕೆ ಬೇಕು ಎಂದು ಪ್ರಮಾಣಪತ್ರ ಬರೆದುಕೊಡಬೇಕು, ಕಾರಣ ಸರಿಯಿದೆ ಎಂದು ನ್ಯಾಯಾಧೀಶರಿಗೆ ಅನ್ನಿಸಬೇಕು. ಹಳೇ ಕೇಸಿನ ಸಾಕ್ಷಿ ಹೇಳಿಕೆಗಳೆಲ್ಲ ಅವಧಿ ಮುಗಿದು ನಾಶವಾಗಿರಬಹುದು, ತೀರ್ಪು ಮಾತ್ರ ಇಟ್ಟಿರುತ್ತಾರೆ.

"ಭಾವನಿಗೆ ಓಡಾಟ ಯಾಕೆ, ನಾನೇ ಅರ್ಜಿ ಹಾಕಲಾ?" ಎಂದೆ ನಾನು ದೊಡ್ಡಸ್ತಿಕೆಯಿಂದ.

"ಹಾಕಿ ಸಾರ್. ನಿಮಗೂ ಈ ಕೇಸಿಗೂ ಏನು ಸಂಬಂಧ ಅಂತ ಪ್ರಮಾಣ ಮಾಡಿ ಬರೀಬೇಕು."

"ಪ್ರಮಾಣ ಮಾಡಿಯಾ? ಹಾಗಾದ್ರೆ ಬೇಡಮ್ಮ, ಭಾವನೇ ಹಾಕ್ಲಿ."

ಭಾವ ಅರ್ಜಿ ಕೊಟ್ಟರು. ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿದರು. ಸ್ವೀಕೃತಿಯ ಜೆರಾಕ್ಸ್ ಮಾಡಿಸಿದರು. ಜೆರಾಕ್ಸ್ ಅಂಗಡಿಯವನ ಹತ್ತಿರ, ಇದು ಆ ಸ್ವೀಕೃತಿಯದೇ ಜೆರಾಕ್ಸ್ ಎಂದು ಬರೆಸಲು ಹೊರಟರು. ನಾನು ರಟ್ಟೆ ಹಿಡಿದು ಎಳೆದುಕೊಂಡು ಬಂದೆ.

ಆಮೇಲೆ ಕಾಯುವ ಕೆಲಸ. ತಯಾರಾದ ಕಾಪಿಗಳ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕುತ್ತಾರೆ. ಭಾವ ದಿನಾ ಹತ್ತೂವರೆಗೆ ಹೋಗಿ ಬೋರ್ಡಿನ ಮುಂದೆ ನಿಲ್ಲುವರು. ಹದಿನಾರು ದಿನ ಉಳಿಯಿತು, ಹನ್ನೊಂದು ಉಳಿಯಿತು. ಇತ್ತ ಭಾವನ ಮಗಳು ನನಗೆ ಫೋನ್ ಮಾಡಿ, "ಮಾವ, ಛತ್ರ ಇರ್ಲಾ ಬೇಡ್ವಾ?" ಎಂದು ಅಳುವಳು. ಈ ಬಿಗಿ ಸಡಿಲಿಸಲು ನಾನೊಂದು ಉಪಕಾರ ಮಾಡಿದೆ. ದಪ್ಪ ಕಾಗದದ ಮೇಲೆ ಟೈಪ್ ಮಾಡಿಸಿ, ಕುಂಕುಮದಲ್ಲಿ ಡಬ್ಬಿ ಮುಚ್ಚಳ ಅದ್ದಿ ಸೀಲು ಒತ್ತಿ, ಅಂಚೆಯಲ್ಲಿ ಕಳಿಸಿದೆ: "ಐದನೇ ಆರೋಪಿಗೆ ಜೀವಾವಧಿ ಪಾತ್ರೆ ತೊಳೆಯುವ ಶಿಕ್ಷೆ. ಸೀದ ತಳ ಸಹಿತ." ಭಾವ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರಂತೆ. ಆಮೇಲೆ ಮೂಸಿ ನೋಡಿದರಂತೆ. "ಸೀಲು ಕುಂಕುಮದ ವಾಸನೆ ಬರುತ್ತೆ. ಇವನೇ" ಎಂದು ಹೇಳಿ, ಎದ್ದು ಹೋಗಿ ಪಾತ್ರೆ ತೊಳೆದುಬಿಟ್ಟರಂತೆ. ಅಕ್ಕ ಅದನ್ನು ಫೋನಿನಲ್ಲಿ ಹೇಳುವಾಗ ನಗಲಿಲ್ಲ. "ಅವ್ರನ್ನ ಸುಮ್ನೆ ಬಿಡೋ. ನಿನ್ನ ಆಟ ಸಾಕು" ಎಂದಳು. ಅಕ್ಕ ನನಗೆ ಹಾಗೆ ಅಂದದ್ದು ಅದೇ ಮೊದಲು.

ಶಾಂತಿಗೆ ಎರಡು ದಿನ ಇರುವಾಗ ಬೋರ್ಡಿನಲ್ಲಿ ನಂಬರು ಬಂತು.

ಆ ಹೆಣ್ಣುಮಗಳು ಕಾಪಿ ಕೊಡುತ್ತ, "ಯಜಮಾನ್ರೇ, ಬೇರೆಲ್ಲ ನಾಶ ಆಗಿದೆ. ತೀರ್ಪಿನ ಹಿಂದೆ ಒಂದು ಹಾಳೆ ಸೇರಿಸಿ ಹೊಲಿದುಬಿಟ್ಟಿದ್ದಾರೆ, ಹಂಗಾಗಿ ಉಳ್ಕೊಂಡಿದೆ. ಅದರದ್ದೂ ಸೇರಿಸಿದ್ದೀವಿ, ನೋಡ್ಕಳಿ" ಎಂದಳು. ಭಾವ ಕೈಮುಗಿದರು. ಆಶ್ಚರ್ಯ ನೋಡಿ, ಅವತ್ತು ಮಾತ್ರ ಯಾರ ಹತ್ತಿರವೂ ಸಹಿ ಕೇಳಲಿಲ್ಲ.

ಹೊರಗೆ ಮರದ ಕೆಳಗೆ ಕಲ್ಲು ಬೆಂಚಿನ ಮೇಲೆ ಕೂತು ಇಂಗ್ಲಿಷನ್ನು ಕನ್ನಡ ಮಾಡುತ್ತ ನನಗೆ ಓದಿ ಹೇಳಿದರು. ಕಂಟ್ರಾಕ್ಟರ ಗಡಿಯಾರ ಅವರ ಮನೆ ಅಕ್ಕಿ ಡಬ್ಬದಲ್ಲೇ ಸಿಕ್ಕಿತಂತೆ. ಕಳ್ಳರ ಭಯಕ್ಕೆ ದಿನಾ ಮಲಗುವ ಮುಂಚೆ ಅವರೇ ಅಲ್ಲಿಡುತ್ತಿದ್ದರು ಎಂದು ಅವರ ಹೆಂಡತಿಯೇ ಸಾಕ್ಷಿ ಹೇಳಿದರಂತೆ. ಸಂಡಿಗೆ ಅಜ್ಜಿಗೆ ಕೋರ್ಟಿನಲ್ಲಿ ಪಂಪು ತೋರಿಸಿ ನೀವು ನೋಡಿದ ಕೊಡೆ ಇದೇ ತಾನೇ ಎಂದಾಗ, ಆಕೆ ಅದನ್ನು ತಿರುಗಿಸಿ ನೋಡಿ, "ಇದು ಬಿಚ್ಕೊಳ್ಳುತ್ತಾ?" ಎಂದು ಕೇಳಿದರಂತೆ. "ಆ ಕೊಡೆ ಮೇಲೆ ಕೆಂಪು ತೇಪೆ ಇತ್ತು" ಎಂದೂ ಹೇಳಿದ್ದರು. ಆಮೇಲೆ ಭಾವನದೇ ಹೇಳಿಕೆ. ಐದನೆಯವನನ್ನು ನೀವು ನೋಡಿದಿರಾ ಎಂದು ನ್ಯಾಯಾಧೀಶರು ಕೇಳಿದ್ದಾರೆ. ಭಾವ ಉತ್ತರಿಸಿದ್ದಾರೆ: "ಮಂಚಕ್ಕೆ ನಾಲ್ಕೇ ಕಾಲು ಸ್ವಾಮಿ. ನಾಲ್ಕೇ ಜನ ಇದ್ದರು. ಐದನೆಯವನು ಇರಲೇ ಇಲ್ಲ." ಐದನೆಯವನು ಸಾಬೀತಾಗದ ಮೇಲೆ ದರೋಡೆಯೂ ಇಲ್ಲ, ಗಡಿಯಾರ ಮನೆಯಲ್ಲೇ ಇದ್ದ ಮೇಲೆ ಸುಲಿಗೆಯೂ ಇಲ್ಲ. ಎಲ್ಲ ಆರೋಪಿಗಳೂ ಖುಲಾಸೆ.

ಭಾವ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನೀನು ಆವತ್ತು ಇಲವಾಲದಲ್ಲಿದ್ದೆ ಅಲ್ವೇನಯ್ಯ?"

"ಹೌದು ಭಾವ."

"ಏನು ಅಡುಗೆ ಮಾಡಿದ್ರು?"

"ಅವರೆಕಾಳು ಸಾರು."

"ಚೆನ್ನಾಗಿತ್ತಾ?"

"ಚೆನ್ನಾಗಿತ್ತು ಭಾವ."

"ಹೂಂ" ಎಂದು ಕೊನೆಯ ಹಾಳೆ ತಿರುಗಿಸಿದರು. ತಿರುಗಿಸಿದವರು ಅದನ್ನು ನನ್ನ ಕಡೆ ಹಿಡಿದರು.

ಅದು ಹೊರಗಿನವರೊಬ್ಬರು ಕಾಪಿ ಕೇಳಿ ಸಲ್ಲಿಸಿದ ಪ್ರಮಾಣಪತ್ರ. ತೀರ್ಪಾದ ಹತ್ತನೇ ದಿನದ್ದು. ದುಂಡನೆಯ ಕೈಬರಹ. ಕೆಳಗೆ ನಮ್ಮಕ್ಕನ ಸಹಿ, ಮದುವೆಗೆ ಮುಂಚಿನ ಹೆಸರಿನಲ್ಲಿ! ಕಾರಣದ ಜಾಗದಲ್ಲಿ ಹೀಗೆ ಬರೆದಿತ್ತು: "ನಾನು ಈ ಕೇಸಿನ ಐದನೇ ಆರೋಪಿಯನ್ನು ಮದುವೆಯಾಗಬೇಕೆಂದಿದ್ದೇನೆ. ಬೀದಿಯವರು ಹೇಳಿದ್ದು ಸಾಕಷ್ಟು ಕೇಳಿದ್ದೇನೆ. ನ್ಯಾಯಾಲಯ ಏನು ಹೇಳಿತೆಂದು ನಾನೇ ಓದಿ ತಿಳಿಯಬೇಕಾಗಿದೆ. ನನ್ನ ತಂದೆಯವರಿಗೂ ಓದಿಸಬೇಕಾಗಿದೆ."

ಇಪ್ಪತ್ತೊಂದು ವರ್ಷದ ಹುಡುಗಿ. ಕೋರ್ಟಿಗೆ ಒಬ್ಬಳೇ ಹೋಗಿ, ನ್ಯಾಯಾಧೀಶರಿಗೆ ಈ ಕಾರಣ ಬರೆದುಕೊಟ್ಟಿದ್ದಳು. ಅವರು ಒಪ್ಪಿದ್ದರು.

ಮನೆಗೆ ಹೋದಾಗ ಅಕ್ಕ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. ಭಾವ ಹಾಳೆ ಮುಂದೆ ಹಿಡಿದರು. "ಏನೇ ಇದು?"

ಅಕ್ಕ ಕತ್ತೆತ್ತಿ ನೋಡಿ, "ನಾನು ಬರೆದಿದ್ದು. ಅಕ್ಷರ ಚೆನ್ನಾಗಿದೆ ಅಲ್ವಾ ಮೇಷ್ಟ್ರೇ?" ಎಂದಳು.

"ಅಂದ್ರೆ ನಿಂಗೆ ಮೊದಲಿಂದಾನೂ ಗೊತ್ತಿತ್ತು! ಮತ್ತೆ ನಲವತ್ತೇಳು ವರ್ಷ ದರೋಡೆಕೋರ, ದರೋಡೆಕೋರ ಅಂತ..."

"ನಿರಪರಾಧಿಗಳೇ, ಕಾಫಿಗೆ ಬನ್ನಿ ಅಂತ ಕರೆದಿದ್ರೆ ನೀವು ಬರ್ತಿದ್ರಾ?"

"ಆ ಕಾಪಿ ಎಲ್ಲಿ?"

"ಅಪ್ಪನ ಕೈಗೆ ಕೊಟ್ಟೆ. ಎರಡು ಸಲ ಓದಿದ್ರು. ಹುಡುಗ ದೊಡ್ಡ ಮನಸ್ಸಿನೋನು, ಮುಹೂರ್ತ ನೋಡಿಸ್ತೀನಿ ಅಂದ್ರು. ಆಮೇಲೆ ಅದನ್ನ ತಗೊಂಡೋಗಿ ಬಚ್ಚಲ ಒಲೆಗೆ ಹಾಕಿದ್ರು. ಜೊತೆಗೆ ಇನ್ನೊಂದು ವಸ್ತುನೂ ಹಾಕಿದ್ರು." ಅಕ್ಕ ನನ್ನ ಕಡೆ ನೋಡಿದಳು.

"ಏನು ವಸ್ತು?" ಎಂದೆ. ಎದುರಿಗಿದ್ದ ಚೊಂಬಿನ ನೀರು ಪೂರ್ತಿ ಕುಡಿದೆ. ಬಿಸಿಲಿನಲ್ಲಿ ನಡೆದು ಬಂದಿದ್ದೆವಲ್ಲ.

"ಬಿಡೋ. ನೀರು ಚೆನ್ನಾಗಿ ಕಾದಿತ್ತು" ಎಂದು ಅವಳು ಸೊಪ್ಪಿನ ಕಡೆ ತಿರುಗಿದಳು. ಭಾವ ಅವಳ ಪಕ್ಕ ನೆಲದ ಮೇಲೆ ಕೂತು, ಬರಹ ಸಹಿ ಏನೂ ಕೇಳದೆ, ಒಂದು ಹಿಡಿ ಸೊಪ್ಪು ತೆಗೆದುಕೊಂಡರು. ಸೀರೆ ಬೀರುವಿನಿಂದ ಹೊರಗೆ ಬಂತು.

ಶಾಂತಿ ಸಾಂಗವಾಗಿ ನಡೆಯಿತು. ಭಾವ ಕನ್ನಡಕ ಸರಿಮಾಡಿಕೊಂಡು ತಾಳಿ ಕಟ್ಟಿದರು. ಮೂರನೇ ಗಂಟು ಹಾಕಿದ ಮೇಲೆ ಅಕ್ಕ ಮೆಲ್ಲಗೆ, "ರಸೀದಿ ಬೇಕಾ?" ಎಂದದ್ದು ಮೈಕಿನಲ್ಲಿ ಇಡೀ ಛತ್ರಕ್ಕೆ ಕೇಳಿತು.

ಊಟವಾದ ಮೇಲೆ ಉಡುಗೊರೆ ಹಂಚಿದರು. ಎಲ್ಲರಿಗೂ ಪಂಚೆ, ಶಲ್ಯ. ನನ್ನ ಸರದಿ ಬಂದಾಗ ಭಾವ ಉದ್ದನೆಯ ಪೊಟ್ಟಣ ಕೊಟ್ಟರು. ಬಿಚ್ಚಿದೆ. ಹೊಚ್ಚ ಹೊಸ ಕರಿ ಕೊಡೆ. ಎಲ್ಲೂ ಹರಿದಿರಲಿಲ್ಲ, ಆದರೂ ಮೇಲೊಂದು ಕೆಂಪು ತೇಪೆ. ಆ ಹೊಲಿಗೆ ನನಗೆ ಗೊತ್ತು. ಅಪ್ಪನ ಕೊಡೆಗೆ ತೇಪೆ ಹಾಕಿದ್ದವಳೂ ಅಕ್ಕನೇ.

"ಬಿಸಿಲು ಜಾಸ್ತಿ ಕಣಯ್ಯ, ಇಟ್ಕೋ" ಎಂದರು ಭಾವ. ಅವರು ನಲವತ್ತೇಳು ವರ್ಷ ಊರೆಲ್ಲ ಕಾಗದಕ್ಕೆ ಅಲೆಯಬೇಕಿರಲಿಲ್ಲ. ಆವತ್ತು ಕಟಕಟೆಯಲ್ಲಿ ಬಾಯಲ್ಲಿ ಒಂದು ಹೆಸರು ಹೇಳಿದ್ದರೆ ಮುಗಿಯುತ್ತಿತ್ತು.

ನನ್ನನ್ನು ಏಮಾರಿಸಿದವರು ಹುಟ್ಟಿಲ್ಲ ಎಂದೆನಲ್ಲ, ಅದು ಸುಳ್ಳಲ್ಲ, ಬರೆಯುವಾಗಿನ ಜಂಬ. ಅಪ್ಪ ಕೊಡೆಯನ್ನು ಬಸ್ಸಿನಲ್ಲಿ ಮರೆತರು ಎಂದದ್ದು ಸುಳ್ಳೇ, ಆದರೆ ನನ್ನದಲ್ಲ, ಅಪ್ಪನದು. ನಾನಾಗಿ ಕಟ್ಟಿ ಹೇಳಿದ್ದು ಇದರಲ್ಲಿ ಒಂದೇ ಒಂದಿದೆ. ಇಲವಾಲದ ಸೋದರತ್ತೆ ಆವತ್ತು ಏನು ಅಡುಗೆ ಮಾಡಿದ್ದರೋ, ನನಗೆ ಗೊತ್ತಿಲ್ಲ.